ಮತದಾರ ಓಬಯ್ಯ

ತಿಪ್ಪಮ್ಮನ ಅಜ್ಜ ಓಬಯ್ಯ ಎಷ್ಟೋ ದಶಕಗಳ ಹಿಂದೆ ಬೇಕೆಂದೇ ಬಾವಿಗೆ ಹಾರಿ ಸತ್ತನೆಂದು ಊರೆಲ್ಲ ಇನ್ನೂ ಆಡಿಕೊಳ್ಳುತ್ತಿತ್ತು. ನಿಜ ತಿಳಿಯಲು ಆಕೆಗೆ ಆ ಕಾಲದ ಶವಪಂಚನಾಮೆ ಬೇಕಿತ್ತು. ಅದಕ್ಕಾಗಿ ತಾಲ್ಲೂಕು ಕಚೇರಿಗೆ ಎಂಟು ತಿಂಗಳು ಅಲೆದಳು. ಶಿರಸ್ತೇದಾರರದು ಪ್ರತಿ ಸಲವೂ ಒಂದೇ ರಾಗ.

"ಮೊದಲು ಮರಣ ಪ್ರಮಾಣಪತ್ರ ತಗೊಂಡು ಬಾಮ್ಮ."

"ಅದನ್ನು ಕೊಡೋರ ಹತ್ರ ಹೋದ್ರೆ ಮೊದಲು ಪಂಚನಾಮೆ ತಾ ಅಂತಾರೆ ಸಾರ್."

"ಹಾಗಾದ್ರೆ ನಿಮ್ಮಜ್ಜ ಸತ್ತಿದ್ದಾರೆ ಅಂತ ನಾವು ಒಪ್ಪೋಕಾಗಲ್ಲ."

"ಅದನ್ನೇ ಬರೆದುಕೊಡಿ."

ಪೀಡೆ ತೊಲಗಲಿ ಎಂದು ಅವರು ಬರೆದು ಮೊಹರು ಒತ್ತಿದರು.

ತಿಪ್ಪಮ್ಮ ಆ ಕಾಗದವನ್ನೇ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಳು: "ನನ್ನ ಅಜ್ಜ ಓಬಯ್ಯ, ವಯಸ್ಸು ನೂರ ಇಪ್ಪತ್ತೆಂಟು, ಸತ್ತಿಲ್ಲವೆಂದು ತಮ್ಮ ಕಚೇರಿಯೇ ಹೇಳಿದೆ. ಮತದಾರರ ಪಟ್ಟಿಗೆ ಸೇರಿಸಿ."

ತಹಶೀಲ್ದಾರರು ಶಿರಸ್ತೇದಾರರನ್ನು ಕರೆಸಿದರು. "ಈ ಮನುಷ್ಯ ಸತ್ತಿದ್ದಕ್ಕೆ ಸಂಜೆಯೊಳಗೆ ಪುರಾವೆ ಬೇಕು."

ಶಿರಸ್ತೇದಾರರು ಮೂಗಿಗೆ ಟವೆಲ್ ಕಟ್ಟಿಕೊಂಡು, ಗೊಣಗುತ್ತ, ಗೆದ್ದಲು ಹಿಡಿದ ಕಟ್ಟುಗಳನ್ನು ತಾವೇ ಕೆದಕಿದರು.

ವಾರದಲ್ಲಿ ತಿಪ್ಪಮ್ಮನಿಗೆ ಉತ್ತರ ಬಂತು. ಅರ್ಜಿ ತಿರಸ್ಕೃತವಾಗಿತ್ತು, ಸಾವಿನ ಪುರಾವೆಯಾಗಿ ಪಂಚನಾಮೆಯ ನಕಲು ಜೊತೆಗಿತ್ತು. ಬಾವಿಗೆ ಬಿದ್ದ ಪಕ್ಕದ ಮನೆಯ ಎಮ್ಮೆಕರುವನ್ನು ಎತ್ತಲು ಇಳಿದಿದ್ದ ಓಬಯ್ಯ, ಮೇಲೆ ಬರುವಾಗ ಹಗ್ಗ ಹರಿದು ಬಿದ್ದು ಸತ್ತಿದ್ದ. ಕರು ಬದುಕಿತ್ತು.

ತಿಪ್ಪಮ್ಮ ಪಕ್ಕದ ಮನೆಯ ಬಾಗಿಲಲ್ಲೇ ನಿಂತು, ಆ ನಕಲನ್ನು ಗಟ್ಟಿಯಾಗಿ ಎರಡು ಸಲ ಓದಿದಳು.