ಹಾವು ಕೊಟ್ಟ ಸಭೆ

ಹಾವು ಮಾಡಿದ್ದು ಅನ್ಯಾಯ. ಮಕ್ಕಳೇ, ಅದಕ್ಕೆ ಬೇರೆ ಹೆಸರಿಲ್ಲ. ಕುರುಚಲು ಕಾಡಿನ ಅಂಚಿನಲ್ಲಿ ಗೆದ್ದಲುಗಳು ಬಾಯಲ್ಲಿ ಮಣ್ಣು ತಂದು, ಎಂಜಲಲ್ಲಿ ಕಲಸಿ ಹುತ್ತ ಕಟ್ಟಿದವು. ಹಾವು ಬಂದು ಹೊಕ್ಕಿತು. ತಂಪಾದ ನಡುಕೋಣೆಯಲ್ಲೇ ಸುರುಳಿ ಸುತ್ತಿ ಮಲಗಿತು. ಅದು ಹೊರಳಿದಾಗಲೆಲ್ಲ ಅಲ್ಲಿದ್ದ ಮರಿಗಳು ಅರೆದುಹೋದವು.

ಗೆದ್ದಲುಗಳು ಗೊಣಗತೊಡಗಿದವು. ಹಾವು ಹೆಡೆಯೆತ್ತಿ ನಯವಾಗಿ ಹೇಳಿತು:

"ನಿಮಗೂ ಆಳ್ವಿಕೆಯಲ್ಲಿ ಪಾಲು ಕೊಡುತ್ತೇನೆ. ಒಂದು ಸಭೆ ಮಾಡಿಕೊಳ್ಳಿ. ಯಾವ ಗೋಡೆಗೆ ಯಾರು ಮಣ್ಣು ಮೆತ್ತಬೇಕು, ನೀವೇ ತೀರ್ಮಾನಿಸಿ."

"ನಡುಕೋಣೆ?" ಎಂದಳು ಮುದುಕಿ ಸಂಕವ್ವ.

"ಅದು ನನ್ನ ಖಾತೆ. ನೀವಿನ್ನೂ ಕಲಿಯಬೇಕು."

"ಕಟ್ಟಿದವರೂ ನಾವು, ಕಲಿಯಬೇಕಾದವರೂ ನಾವೇ. ಚೆನ್ನಾಗಿದೆ" ಎಂದು ಸಂಕವ್ವ ಬೆನ್ನು ತಿರುಗಿಸಿದಳು.

ಗೋಡೆ ಮೆತ್ತುವ ತೋಪಣ್ಣನಿಗೆ ಮಾತ್ರ ಆಸೆ ಹುಟ್ಟಿತು. ಅವನನ್ನು ಅದುವರೆಗೆ ಯಾರೂ ಬಹುವಚನದಲ್ಲಿ ಕರೆದಿರಲಿಲ್ಲ.

"ಸಿಕ್ಕಿದ್ದು ಇಟ್ಟುಕೊಳ್ಳೋಣ ಅವ್ವ. ಉಳಿದದ್ದು ಆಮೇಲೆ ಕೇಳಿದರಾಯಿತು."

"ಸಿಕ್ಕಿದ್ದೇನು ಮಗಾ? ನಿನ್ನೆ ಬರೀ ಮಣ್ಣು ಹೊತ್ತೆ. ನಾಳೆ ಸದಸ್ಯರು ಅನ್ನಿಸಿಕೊಂಡು ಹೊರುತ್ತೀ."

ಆದರೂ ತೋಪಣ್ಣ ಇನ್ನೂ ಕೆಲವರನ್ನು ಕರೆದುಕೊಂಡು ಸಭೆಯಲ್ಲಿ ಹೋಗಿ ಕೂತ. ಮೊದಲ ದಿನವೇ ಎದ್ದು ಕೈಮುಗಿದ.

"ದೊರೆ, ತಾವು ತುಸು ಆಚೆ ಸರಿದರೆ ಮರಿಗಳು ಉಳಿಯುತ್ತವೆ. ಸಭೆ ಒಮ್ಮತದಿಂದ ಬೇಡುತ್ತಿದೆ."

"ಕೇಳಿಸಿತು. ಮುಂದಿನ ವಿಷಯಕ್ಕೆ ಹೋಗಿ" ಎಂದು ಹಾವು ಮಗ್ಗುಲು ಬದಲಿಸಿತು. ತೋಪಣ್ಣನೇ ತುತ್ತಿಟ್ಟು ಸಾಕಿದ್ದ ಎಳೆಯ ತಂಗಿ ಆ ಮಗ್ಗುಲಡಿ ಸತ್ತಳು.

ಅವನು ಸಭೆಯಿಂದ ನೇರ ಸಂಕವ್ವನ ಬಳಿಗೆ ಬಂದ. ಅವಳು ಬೈಯಲಿಲ್ಲ.

"ಹಾವಿಗೆ ನಮ್ಮ ಮಾತು ಬೇಕಿಲ್ಲ ಮಗಾ, ನಮ್ಮ ಹಸಿಮಣ್ಣು ಬೇಕು. ಅದನ್ನು ಕೊಡಬೇಡ."

ತೋಪಣ್ಣ ಗೋಡೆಯಿಂದ ಗೋಡೆಗೆ ಓಡಿ ಸುದ್ದಿ ಮುಟ್ಟಿಸಿದ. ಮೆತ್ತುವ ಕೆಲಸ ನಿಂತಿತು. ಬಿಸಿಲಿಗೆ ಹುತ್ತ ಒಣಗಿ ಬಿರಿಯಿತು. ಗೆದ್ದಲುಗಳೂ ಬೆಂದವು; ಉಳಿದ ಮರಿಗಳನ್ನು ಮೈಯಿಂದ ಮುಚ್ಚಿ ತಡೆದುಕೊಂಡವು. ಬಿರುಕಿನಿಂದ ಇಳಿದ ಬಿಸಿಲು ಹಾವಿನ ಬೆನ್ನನ್ನು ಸುಟ್ಟಿತು.

"ಬೇಗ ಮಣ್ಣು ಮೆತ್ತಿ" ಎಂದು ಹಾವು ಬುಸುಗುಟ್ಟಿತು.

"ಮೆತ್ತುವುದಿಲ್ಲ. ನೀನು ಹೊರಡು" ಎಂದ ತೋಪಣ್ಣ.

ಹಾವು ಬೇರೆ ತಂಪು ಹುಡುಕಿಕೊಂಡು ಹರಿದುಹೋಯಿತು. ಗೆದ್ದಲುಗಳು ಆ ಗಳಿಗೆಯಲ್ಲೇ ಬಿರುಕು ಮುಚ್ಚಲು ಓಡಿದವು. ತೋಪಣ್ಣ ಮೊದಲ ಹಸಿಮಣ್ಣನ್ನು ಸಂಕವ್ವನ ಗೋಡೆಗೆ ಮೆತ್ತಿದ.

"ನೀನು ಅಂದು ಬೇಡವೆನ್ನದಿದ್ದರೆ, ಅವ್ವ, ಎದ್ದು ಬರುವುದಕ್ಕೆ ನನಗೆ ಜಾಗವೇ ಇರುತ್ತಿರಲಿಲ್ಲ."

"ನೀವೆಲ್ಲ ಬರದಿದ್ದರೆ ನಾನೊಬ್ಬಳು ಬೇಡವೆಂದು ಏನಾಗುತ್ತಿತ್ತು? ಋಣ ನನ್ನದೂ ಇದೆ" ಎಂದಳು ಸಂಕವ್ವ.

ನೀತಿ: ಮನೆ ಕಿತ್ತುಕೊಂಡವನು ಕೊಡುವ ಪಾಲು ಪಾಲಲ್ಲ. ಅದನ್ನು ಮೊದಲು ಬೇಡವೆಂದವರನ್ನು ನೆನೆಯಿರಿ. ಅಂಥ ಸಭೆಯಲ್ಲಿ ಕೂತಿದ್ದರೆ ಈಗಲೇ ಎದ್ದು ಬನ್ನಿ.