ಜಾಗ ಬದಲಾಯಿಸಿದ ಪರೀಕ್ಷೆ

ಪ್ರಿನ್ಸಿಪಾಲ್ ಹಾಲಸ್ವಾಮಿಯವರು ಪರೀಕ್ಷಾ ವಿಭಾಗದ ಗುಮಾಸ್ತನನ್ನು ಕರೆಸಿ, ಅಂಕಪಟ್ಟಿಯನ್ನು ಮೇಜಿನ ಮೇಲೆ ಎಸೆದರು.

“ನೋಡಯ್ಯಾ, ಅರ್ಥಶಾಸ್ತ್ರದಲ್ಲಿ ನಾನು ಶುರುಮಾಡಿದ ಆನ್‌ಲೈನ್ ಕೋರ್ಸಿನವರ ಸರಾಸರಿ ತೊಂಬತ್ನಾಲ್ಕು. ಜಲಜಾಕ್ಷಿ ಮೇಡಂ ಕ್ಲಾಸಿನಲ್ಲಿ ಕೂತು ಕಲಿತವರದ್ದು ಐವತ್ತೆರಡು. ಪ್ರಶ್ನೆಪತ್ರಿಕೆ ಒಂದೇ. ಇನ್ನು ಆ ಕ್ಲಾಸು ಯಾಕೆ? ಮುಚ್ಚೋ ಆರ್ಡರ್ ಟೈಪ್ ಮಾಡು.”

ಪತ್ರಿಕೆ ಒಂದೇ, ನಿಜ. ಆದರೆ ಮೇಡಂ ಕ್ಲಾಸಿನವರು ಬರೆದದ್ದು ಪರೀಕ್ಷಾ ಕೊಠಡಿಯಲ್ಲಿ, ಇಬ್ಬರು ಮೇಲ್ವಿಚಾರಕರ ಕಣ್ಣೆದುರು. ಆನ್‌ಲೈನಿನವರು ಬರೆದದ್ದು ತಮ್ಮ ತಮ್ಮ ಮನೆಯಲ್ಲಿ. ಇದು ಗುಮಾಸ್ತನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದರೆ ತನ್ನ ಕುರ್ಚಿ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು.

“ಮಾಡ್ತೀನಿ ಸಾರ್. ಆದರೆ ಇಂಥ ಜಾಣರನ್ನ ಆಡಳಿತ ಮಂಡಳಿಯವರು ಕಣ್ಣಾರೆ ನೋಡಬೇಡವೇ? ಅಷ್ಟೇ ಕಷ್ಟದ ಇನ್ನೊಂದು ಪತ್ರಿಕೆ ಕೊಟ್ಟು, ಈ ಸಲ ಅವರನ್ನ ಕೊಠಡಿಯಲ್ಲಿ ಕೂರಿಸೋಣ. ಎಲ್ಲರಿಗೂ ಜಾಗ ಸಾಲೋದಿಲ್ಲ. ಮೇಡಂ ಕ್ಲಾಸಿನವರು ಮನೆಯಲ್ಲೇ ಬರೆಯಲಿ.”

ಹಾಲಸ್ವಾಮಿಯವರು ಹಿಗ್ಗಿಹೋದರು. ಮಂಡಳಿಯವರನ್ನು ಕರೆದರು. ಗೆದ್ದವರ ಹೆಸರು ಕೆತ್ತಿಸಲು ಹಿತ್ತಾಳೆ ಫಲಕವನ್ನೂ ತರಿಸಿದರು.

ಫಲಿತಾಂಶ ಬಂತು. ಕೊಠಡಿಯಲ್ಲಿ ಕೂತ ಆನ್‌ಲೈನಿನವರಿಗೆ ನಲವತ್ತೊಂಬತ್ತು. ಮನೆಯಲ್ಲಿ ಬರೆದ ಕ್ಲಾಸಿನವರಿಗೆ ತೊಂಬತ್ತೈದು.

ಮಂಡಳಿಯವರು ಮುಖ ಮುಖ ನೋಡಿಕೊಂಡರು. ಹಾಲಸ್ವಾಮಿಯವರು ಕ್ಲಾಸು ಮುಚ್ಚುವ ಆರ್ಡರನ್ನು ಸದ್ದಿಲ್ಲದೆ ಹರಿದು ಬುಟ್ಟಿಗೆ ಹಾಕಿದರು. ಫಲಕ ಮಾತ್ರ ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು.

“ಈಗ ಇದರ ಮೇಲೆ ಯಾರ ಹೆಸರು ಕೆತ್ತಿಸೋದಯ್ಯಾ?”

ಗುಮಾಸ್ತ ಎರಡೂ ಅಂಕಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟ.

“ಎರಡು ಸಲವೂ ಫಸ್ಟ್ ಬಂದಿರೋದು ಮನೆ ಸಾರ್. ಅದರ ಹೆಸರೇ ಕೆತ್ತಿಸಿಬಿಡಿ.”