ಯಾವಾಗಲೂ ಏಳು ಎನ್ನುತ್ತಿದ್ದ ಗಾಜಿನ ಕಡ್ಡಿ

“ಕೇಳಿ, ಕೇಳಿ! ಮಂಜಿಷ್ಠಪುರದ ಮಹಾರಾಜ ಸೋಮಭೂಪಾಲರ ಅಪ್ಪಣೆ! ಅರಮನೆಯ ಬಣ್ಣದ ಕಾರ್ಖಾನೆಗೆ ತರಿಸಿದ ಪಿಎಚ್ ಪ್ರೋಬಿನ ಪೆಟ್ಟಿಗೆಯಲ್ಲಿ ಮೂರು ಒಗಟುಗಳು ಸಿಕ್ಕಿವೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಹೋಗುವುದು!”

ಡಂಗುರ ಕೇಳಿ ಊರೆಲ್ಲ ಗುಸುಗುಸು ಶುರುವಾಯಿತು. ಆ ಪ್ರೋಬ್ ಅಂದರೆ ತುದಿಯಲ್ಲಿ ಗುಂಡು ಇರುವ ಒಂದು ಗಾಜಿನ ಕಡ್ಡಿ. ಕಾರ್ಖಾನೆಯಿಂದ ಹೊಳೆಗೆ ಹೋಗುವ ಕಾಲುವೆಯಲ್ಲಿ ಕೂತು, ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಂಕಿಯಲ್ಲಿ ಹೇಳುತ್ತಿತ್ತು. ಏಳು ಬಂದರೆ ಕ್ಷೇಮ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಕಳೆದ ಆಯುಧಪೂಜೆಯಿಂದ ಅದು ಏಳು ಬಿಟ್ಟು ಬೇರೆ ಅಂಕಿಯನ್ನೇ ತೋರಿಸಿರಲಿಲ್ಲ. ಅಂದು ಅದಕ್ಕೆ ಪೂಜೆ ಮಾಡಿದವರು ಸ್ವತಃ ಮಹಾರಾಜರು. ಇದು ದೇವಿಯ ಕೃಪೆ ಎಂದು ಅವರು ಹಿಗ್ಗಿದ್ದೇ ಹಿಗ್ಗಿದ್ದು. ಅಷ್ಟರಲ್ಲಿ ಹೊಳೆಯ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು.

ಏಳು ನೋಡಿಕೊಂಡೇ ತೂಬು ಎತ್ತಿದ್ದ ನೀರುಗಂಟಿ ಮಂಚಯ್ಯನ ತಲೆಗೆ ತಪ್ಪು ಬಂತು. ದೇವಿ ಹರಸಿದ ಅಂಕಿ ಸುಳ್ಳು ಹೇಳೀತೇ? ಇವನೇ ಏನೋ ವಿಷ ಬಿಟ್ಟಿರಬೇಕು ಎಂದರು. ಶುಕ್ರವಾರ ಅವನಿಗೆ ಗಲ್ಲು. ಅವನ ಮಗ ಚಿಕ್ಕೀರ ಅದೇ ಕಾರ್ಖಾನೆಯಲ್ಲಿ ಗಾಜಿನ ಸಾಮಾನು ತೊಳೆಯುವವನು. ಡಂಗುರ ಹೊಡೆದದ್ದು ಬುಧವಾರ.

ಗುರುವಾರ ಸಭೆ ಸೇರಿತು. ಅದೇ ಪೆಟ್ಟಿಗೆಯಲ್ಲಿ ಸಿಕ್ಕಿದ್ದ, ಉತ್ತರಗಳಿದ್ದ ಮೊಹರು ಹಾಕಿದ ಲಕೋಟೆ ರಾಜಕುಮಾರಿ ಸುಗುಣಮ್ಮಣ್ಣಿಯ ಕೈಯಲ್ಲಿತ್ತು. ಮೂರರಲ್ಲಿ ಯಾವುದರಿಂದ ಬೇಕಾದರೂ ಶುರುಮಾಡಬಹುದಿತ್ತು.

ಆಸ್ಥಾನದ ಪಂಡಿತರು ಮೊದಲನೆಯದನ್ನು ಕೇಳಿದರು. ರಾಜಕುಮಾರಿ ಓದಿದಳು: “ನನಗೆ ಹಸಿವಿಲ್ಲ, ಬಾಯಾರಿಕೆ ಮಾತ್ರ. ಒಣಗಿಸಿದರೆ ಸಾಯುತ್ತೇನೆ, ಶುದ್ಧ ನೀರಲ್ಲಿಟ್ಟರೂ ಸೊರಗುತ್ತೇನೆ, ಉಪ್ಪುನೀರಿನಲ್ಲಿ ಸುಖವಾಗಿರುತ್ತೇನೆ. ಯಾರು ನಾನು?”

“ಸಮುದ್ರದ ಮೀನು!” ಎಂದರು ಪಂಡಿತರು.

“ಮೀನಿಗೆ ಹಸಿವಿಲ್ಲವೇ, ಪಂಡಿತರೇ?” ಎಂದಳು ರಾಜಕುಮಾರಿ. ಭಟರು ಅವರನ್ನು ಕರೆದೊಯ್ದರು.

ಸೇನಾಪತಿ ಎರಡನೆಯದನ್ನು ಆರಿಸಿಕೊಂಡ. “ತಲೆ ಕೆಳಗಾಗಿ ನಿಲ್ಲಿಸಿದರೆ ನಿಜ ಹೇಳುತ್ತೇನೆ, ಮಲಗಿಸಿದರೆ ಸುಳ್ಳು ಹೇಳುತ್ತೇನೆ. ಯಾರು ನಾನು?” ಸೇನಾಪತಿ ಎದೆಯುಬ್ಬಿಸಿ, “ಬಾವಲಿ!” ಎಂದ. ಬಾವಲಿ ನಿಜ ಹೇಳಿದ್ದನ್ನು ಅವನು ಎಲ್ಲಿ ಕೇಳಿದ್ದನೋ! ಅವನೂ ಸೆರೆಗೆ ಹೋದ.

ಮೂರನೆಯದು ಮಂತ್ರಿಗಳ ಪಾಲಿಗೆ ಬಂತು. “ಹುಳಿಗೂ ಒಂದೇ ಮಾತು, ಸುಣ್ಣಕ್ಕೂ ಒಂದೇ ಮಾತು ಆಡುವವನು ಯೋಗಿಯೋ, ಹೆಣವೋ?” ಮಂತ್ರಿಗಳು ಮಹಾರಾಜರ ಕಡೆ ತಿರುಗಿ ಹಲ್ಲು ಬಿಟ್ಟರು. “ಯೋಗಿ. ತಮ್ಮಂಥ ಸಮಚಿತ್ತರು, ಪ್ರಭು!” ಮಹಾರಾಜರಿಗೆ ಖುಷಿಯಾಯಿತು. ರಾಜಕುಮಾರಿಗೆ ಆಗಲಿಲ್ಲ.

“ಲಕೋಟೆಯಲ್ಲಿ ಯೋಗಿ ಎಂದೇ ಇದ್ದರೆ ಬಿಡುತ್ತೇನೆ,” ಎಂದಳು. ಮೊಹರಿನ ತುದಿ ಎತ್ತಿ, ಒಳಗೊಮ್ಮೆ ಇಣುಕಿ, “ಇಲ್ಲ,” ಎಂದಳು. ಮಂತ್ರಿಗಳೂ ಹೋದರು.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಹಿಂದಿನಿಂದ ಬಣ್ಣ ಹತ್ತಿದ ಕೈಗಳನ್ನು ಮುಗಿಯುತ್ತ ಚಿಕ್ಕೀರ ಬಂದ.

“ಬುದ್ಧೀ, ಮೂರಕ್ಕೂ ಉತ್ತರ ಒಂದೇಯ. ಆ ಗಾಜಿನ ಕಡ್ಡಿ.”

“ಬಿಡಿಸಿ ಹೇಳು,” ಎಂದಳು ರಾಜಕುಮಾರಿ.

“ಅದನ್ನ ಕೂರಿಸೋಕೆ ಬಂದಿದ್ದ ಮೇಸ್ತ್ರಿ ನಂಗೆ ಹೇಳಿಕೊಟ್ಟಿದ್ರು, ಅಮ್ಮಣ್ಣಿ. ಕೆಲಸ ಇಲ್ದಾಗ ಅದರ ಗುಂಡು ಉಪ್ಪುನೀರಲ್ಲೇ ಇರಬೇಕು. ಒಣಗಬಾರದು, ಭಟ್ಟಿ ಇಳಿಸಿದ ನೀರಲ್ಲೂ ಇಡಬಾರದು. ಆಯುಧಪೂಜೇಲಿ ರೇಷ್ಮೆ ಬಟ್ಟೇಲಿ ತಿಕ್ಕಿ ಒರೆಸಿದ್ರು, ಗುಂಡಿಗೆ ಕುಂಕುಮ ಮೆತ್ತಿದ್ರು, ಮೂರು ದಿನ ಹಿತ್ತಾಳೆ ತಟ್ಟೇಲಿ ಒಣಗಿಸಿದ್ರು. ಬ್ಯಾಡಿ ಅಂದೆ, ಆಚೆಗೆ ತಳ್ಳಿದ್ರು.”

ಸಭೆ ಮಹಾರಾಜರ ಮುಖ ನೋಡಿತು. ಮಹಾರಾಜರು ಚಾವಣಿ ನೋಡಿದರು.

“ಆಮೇಲೆ ಹೂವಿನ ಹಾರ ಜಾರಬಾರದು ಅಂತ ಕಾಲುವೇಲಿ ಅಡ್ಡ ಮಲಗಿಸಿದ್ರು. ಕಡ್ಡಿಯೊಳಗೆ ನೀರಿನ ಜತೆ ಒಂದಿಷ್ಟು ಗಾಳಿ ಐತೆ. ಗುಂಡು ಕೆಳಗಿದ್ರೆ ಗಾಳಿ ಮೇಲಿರ್ತದೆ. ಮಲಗಿಸಿದ್ರೆ ಗುಳ್ಳೆ ಬಂದು ಗುಂಡಲ್ಲೇ ಕೂತ್ಕೊತದೆ, ಲೆಕ್ಕ ತಪ್ತದೆ.”

“ಮೂರನೆಯದು?”

“ಯೋಗಿ ಅಲ್ಲ, ಹೆಣ. ತಟ್ಟೆಗೆ ತಾಗಿ ಗುಂಡು ಸೀಳಿರಬೇಕು. ಸೀಳಿದ್ದು ಯಾವ ನೀರಿಗೆ ಇಟ್ರೂ ಏಳೇ ಅನ್ನೋದು. ಇಲ್ಲೇ ನೋಡಾನ, ಬುದ್ಧೀ.”

ಕಾಲುವೆಯಿಂದ ಪ್ರೋಬನ್ನು ಅಂಕಿ ತೋರಿಸುವ ಮೀಟರಿನ ಸಮೇತ ತಂದರು. ಚಿಕ್ಕೀರ ಅದನ್ನು ಮಹಾರಾಜರ ನಿಂಬೆ ಪಾನಕದಲ್ಲಿ ಅದ್ದಿದ. ಏಳು. ಎಲೆಅಡಿಕೆ ತಟ್ಟೆಯ ಸುಣ್ಣವನ್ನು ನೀರಿಗೆ ಕದಡಿ ಅದ್ದಿದ. ಏಳು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಾಜಕುಮಾರಿ ಲಕೋಟೆ ಹರಿದು ಉತ್ತರಗಳನ್ನು ಗಟ್ಟಿಯಾಗಿ ಓದಿದಳು. ಮೂರೂ ಸರಿ.

ಚಪ್ಪಾಳೆಗೆ ಕಂಬಗಳು ಅದುರಿದವು. “ಏನು ಬೇಕು, ಕೇಳು!” ಎಂದರು ಮಹಾರಾಜರು.

“ನಮ್ಮಪ್ಪ ಬೇಕು, ಬುದ್ಧೀ.” ಇಷ್ಟು ಹೊತ್ತು ತಡೆದಿದ್ದ ಅಳು ಅವನಿಗೆ ಆಗ ಬಂತು.

ಮಹಾರಾಜರು ಜಂಬದ ಮನುಷ್ಯರೇ, ಆದರೆ ಹೇಡಿಯಲ್ಲ. ಸಿಂಹಾಸನದಿಂದ ಇಳಿದರು. “ಮೀನು ಕೊಂದವನು ಮಂಚಯ್ಯನಲ್ಲ, ನಾನು,” ಎಂದು ಎಲ್ಲರೆದುರು ಹೇಳಿ, ಬೀಗದಕೈ ಹಿಡಿದು ಸೆರೆಮನೆಗೆ ತಾವೇ ನಡೆದರು. ಪಂಡಿತ, ಸೇನಾಪತಿ, ಮಂತ್ರಿ ಮೂವರ ತಲೆಗಳೂ ಆ ಖುಷಿಯಲ್ಲಿ ಉಳಿದುಕೊಂಡವು.

ಹೊರಗೆ ಬಂದ ಮಂಚಯ್ಯ ಮಗನನ್ನು ತಬ್ಬಿಕೊಂಡ. ನೆಟ್ಟಗೆ ಕಾಲುವೆಗೇ ಹೋದರು ಇಬ್ಬರೂ, ಹಿಂದೆ ಊರೆಲ್ಲ. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಹೊಸ ಪ್ರೋಬಿನ ಉಪ್ಪುನೀರ ಟೋಪಿಯನ್ನು ಚಿಕ್ಕೀರ ತೆಗೆದ. ಅಂಕಿ ಗೊತ್ತಿದ್ದ ಎರಡು ಬಾಟಲಿ ದ್ರವಗಳಲ್ಲಿ ಅದ್ದಿ ಸರಿಹೊಂದಿಸಿ, ಗುಂಡು ಕೆಳಗಾಗಿ ಕೂರಿಸಿದ. ಮೀಟರು ಮೂರು ತೋರಿಸಿತು. ಜನ ಹೌಹಾರಿದರು. ತೂಬು ಮುಚ್ಚಿ ಸುಣ್ಣದ ನೀರು ಹೊಯ್ದರು. ನಾಲ್ಕು, ಐದು, ಆರು ಎಂದು ಮಹಾರಾಜರೇ ಕೂಗಿ ಹೇಳುತ್ತಿದ್ದರು. ಏಳು ಬಂದಾಗ ಕೂಗು ಮುಗಿಲು ಮುಟ್ಟಿತು.

ಅಂದೇ ಚಿಕ್ಕೀರನಿಗೆ ರಾಜ್ಯದ ಎಲ್ಲ ಕಾರ್ಖಾನೆಗಳ ಪ್ರೋಬುಗಳ ಅಧಿಕಾರ ಬಂತು, ಶಾಲೂ ಬಂತು. ಶಾಲು ಹೊದ್ದುಕೊಂಡೇ ಅವನು ಅಪ್ಪನ ಕಡೆ ತಿರುಗಿ, “ನೀರು ಸರಿಯಾಗೈತೆ ಕಣಪ್ಪಾ, ಈಗ ಎತ್ತು,” ಎಂದ.

ಮಂಚಯ್ಯ ಪಂಚೆ ಎತ್ತಿಕಟ್ಟಿ ತೂಬು ಎತ್ತಿದ.